ಗಿರಿಜಕ್ಕ ಸಾಕಿದ ಹವಳ

ಗಾಜಿನ ತೊಟ್ಟಿಗೆ ಕೈ ಹಾಕುವ ಮುನ್ನ ಗಿರಿಜಕ್ಕ ಎರಡೂ ಕೈಗಳನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದೊಂದೇ ಬೆರಳನ್ನು ತಿರುಗಿಸಿ ನೋಡಿಕೊಳ್ಳುತ್ತಿದ್ದರು. ಉಗುರಿನ ಪಕ್ಕ ಚರ್ಮ ಸುಲಿದಿದ್ದರೂ ಆ ದಿನ ಕೆಲಸ ಬಂದ್. ಇಲ್ಲದಿದ್ದರೆ ಮೊಣಕೈವರೆಗೆ ರಬ್ಬರ್ ಗ್ಲೌಸ್ ಏರಿಸಿ ಉಪ್ಪುನೀರಿಗೆ ಇಳಿಯುವರು. ಅದನ್ನು ಒಂಥರದ ಮಡಿ ಎಂದುಕೊಂಡು ನಾನು ನಗುತ್ತಿದ್ದೆ.

ಟಿ. ದಾಸರಹಳ್ಳಿಯ ನಮ್ಮ ಕಟ್ಟಡದ ಮೊದಲ ಮಹಡಿಯಲ್ಲಿ ಅವರೊಬ್ಬರೇ ಇದ್ದರು; ಅದರ ಮೇಲಿನ ಮನೆಯಲ್ಲಿ ನಾನು ಮತ್ತು ನನ್ನ ಹೆಂಡತಿ ಲತಾ. ಅವರ ಊರು ರಾಣೆಬೆನ್ನೂರಿನ ಕಡೆ. ಪೀಣ್ಯದಲ್ಲಿ ಲೋಹಕ್ಕೆ ಲೇಪ ಹಾಕುವ ಪ್ಲೇಟಿಂಗ್ ಕಾರ್ಖಾನೆಯೊಂದರಲ್ಲಿ ನೀರು ಪರೀಕ್ಷಿಸುವ ಕೆಲಸ. ದಿನವಿಡೀ ಕೆಟ್ಟ ನೀರು ನೋಡಿ ಬಂದು, ಮನೆಯಲ್ಲಿ ಕೂತು ಒಳ್ಳೆಯ ನೀರು ತಯಾರಿಸುವರು. ಉಪ್ಪು ಬೆರೆಸಿ, ಅಳೆದು, ಮತ್ತೆ ಅಳೆದು. ತೊಟ್ಟಿಯ ನೀರು ಇಳಿದಾಗ ಮಾತ್ರ ಉಪ್ಪಿಲ್ಲದ ನೀರನ್ನೇ ತುಂಬುವರು. "ಆವಿಯಾಗೋದು ಬರೇ ನೀರು, ತಮ್ಮಾ. ಉಪ್ಪು ಅಲ್ಲೇ ಕುಂತಿರತೈತಿ," ಎನ್ನುವರು.

ಒಳಗೆ ಕಲ್ಲುಗಳ ಮೇಲೆ ಅಂಗಿಯ ಗುಂಡಿಯಷ್ಟಗಲದ ಮೆತ್ತನೆ ಹವಳದ ಜೀವಗಳು. ಹಸಿರು ಅಂಚು, ಕಿತ್ತಳೆ ನಡು. ದೀಪ ಹೊತ್ತಿದರೆ ಅರಳುವವು, ಮುಟ್ಟಿದರೆ ಮುದುಡುವವು. "ಬಾಯಿಲ್ಲದ ಜೀವ ಅಂತಾರ. ಇವು ನೋಡು, ಮೈಯೆಲ್ಲ ಬಾಯೇ. ಮಾತಷ್ಟ ಇಲ್ಲ."

ಒಂದು ಬೇಸಿಗೆಯಲ್ಲಿ ಬೀದಿಯ ಟ್ರಾನ್ಸ್‌ಫಾರ್ಮರ್ ಸುಟ್ಟು ಬೆಳಗಿನಿಂದ ಕರೆಂಟ್ ಇರಲಿಲ್ಲ. ಪಂಪು ನಿಂತಿತ್ತು. ನೀರಿಗೆ ಗಾಳಿ ಸೇರಲೆಂದು ಗಿರಿಜಕ್ಕ ಚೊಂಬಿನಲ್ಲಿ ನೀರೆತ್ತಿ ಮೇಲಿಂದ ಸುರಿಯುತ್ತಲೇ ಇದ್ದರು. ಅವರ ತೋಳು ಸೋತಾಗ ನಾನು, ನನ್ನದು ಸೋತಾಗ ಅವರು. ನಾಲ್ಕು ಗಂಟೆಗೆ ಕರೆಂಟ್ ಬಂದಾಗ ಗೋಡೆಗೊರಗಿ ಕೂತುಬಿಟ್ಟರು.

ಆ ಋಣಕ್ಕೆಂದೇ ಆಮೇಲೆ ಹವಳವಿದ್ದ ಒಂದು ಕಲ್ಲನ್ನೂ ಪುಟ್ಟ ತೊಟ್ಟಿಯನ್ನೂ ನನಗೆ ಕೊಟ್ಟರು. "ಬರಿಗೈಲೆ ಮುಟ್ಟಬ್ಯಾಡ. ಏನರ ಆದ್ರ ನನ್ನ ಕರಿ, ನೀ ಏನೂ ಮಾಡಬ್ಯಾಡ," ಎಂದರು. ಯಾಕೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಆರು ತಿಂಗಳಿಗೆ ನನ್ನ ಹವಳ ಮುದುಡಿಕೊಂಡಿತು. ಎರಡು ವಾರ ಅರಳಲೇ ಇಲ್ಲ. ಅವರಿಗೆ ಹೇಳಲು ನಾಚಿಕೆಯಾಗಿ, ಸತ್ತ ಹವಳ ಕಳಚಿ ಕಲ್ಲಾದರೂ ಉಳಿಯಲಿ ಎಂದು ಒಂದು ಭಾನುವಾರ ಮಧ್ಯಾಹ್ನ ಅಡುಗೆಮನೆಯ ಸಿಂಕಿನಲ್ಲಿಟ್ಟು ಕುದಿಯುವ ನೀರು ಸುರಿದೆ. ಹಬೆ ಎದ್ದಿತು. ಸ್ವಲ್ಪ ಹೊತ್ತಿಗೆ ನಾಲಿಗೆಯ ಮೇಲೆ ತಾಮ್ರದ ಕಹಿ. ಪಕ್ಕದಲ್ಲಿ ತರಕಾರಿ ಹೆಚ್ಚುತ್ತಿದ್ದ ಲತಾಗೆ ಕೆಮ್ಮು ಶುರುವಾಗಿ ನಿಲ್ಲಲೇ ಇಲ್ಲ. ಆ ಕೆಮ್ಮು ಕೇಳಿಯೇ ಗಿರಿಜಕ್ಕ ಮೇಲೆ ಬಂದರು.

"ಏನಾತು?"

"ಆ ಕಲ್ಲಿಗೆ ಬಿಸಿನೀರು ಹಾಕ್ದೆ ಅಕ್ಕ. ಸತ್ತೋಗಿತ್ತು."

ಅವರ ಮುಖದ ಬಣ್ಣ ಇಳಿಯಿತು. "ಇಬ್ಬರೂ ಹೊರಗ ಬರ್ರಿ. ಈಗ." ಲತಾಳ ಫೋನ್ ತರಲು ತಿರುಗಿದ ನನ್ನ ಕಾಲರ್ ಹಿಡಿದೆಳೆದರು. "ಇರಲಿ ಬಿಡು. ಒಳಗ ಕಾಲಿಡಬ್ಯಾಡ."

ಆಸ್ಪತ್ರೆಗೆ ಹೋಗುವಾಗ ಆಟೋದಲ್ಲಿ ಹೇಳಿದರು. ಆ ಜಾತಿಯ ಹವಳದ ಮೈಯಲ್ಲಿ ವಿಷವಿರಬಹುದಂತೆ, ಕೈಯಲ್ಲಿ ಗಾಯವಿದ್ದರೆ ಒಳಸೇರುತ್ತದಂತೆ, ಕುದಿಸಿದರೆ ಹಬೆಯ ಜೊತೆ ಏಳುತ್ತದಂತೆ. ಆಸ್ಪತ್ರೆಯ ವೈದ್ಯರು ಹವಳದ ವಿಷ ಎಂಬುದನ್ನು ಕೇಳಿದವರಲ್ಲ. ಮಾತ್ರೆ ಬರೆದು ಮನೆಗೆ ಕಳಿಸಲು ಹೊರಟರು. ಗಿರಿಜಕ್ಕ ಒಂದು ಚೀಟಿಯಲ್ಲಿ ವಿಷದ ಹೆಸರು ಬರೆದು ಮೇಜಿನ ಮೇಲಿಟ್ಟರು. "ಸಾರ್, ನಾ ಡಾಕ್ಟರ್ ಅಲ್ಲ. ಆದ್ರ ಇವರನ್ನ ಮನಿಗೆ ಕಳಸಬ್ಯಾಡ್ರಿ. ಇದನ್ನ ಓದಿ ನೋಡ್ರಿ, ನಾ ಇಲ್ಲೇ ನಿಂತಿರ್ತೀನಿ." ವೈದ್ಯರು ಫೋನಿನಲ್ಲಿ ಹುಡುಕಿ ಓದಿದರು, ಇಬ್ಬರನ್ನೂ ಇರಿಸಿಕೊಂಡರು. ಸಂಜೆಗೆ ನನಗೆ ಚಳಿಜ್ವರ. ಲತಾಗೆ ಉಸಿರೇ ಸಾಲದೆ ಆಕ್ಸಿಜನ್ ಹಾಕಿದರು. ಪರದೆಯಾಚೆ ಅವಳ ಉಸಿರು ಕೇಳುತ್ತ ನಾನು ಮಲಗಿದ್ದೆ. ಮೂರನೆಯ ದಿನ ಅವಳು ತಾನಾಗಿ ಎದ್ದು ಕೂತಳು.

ಗಿರಿಜಕ್ಕ ಲತಾಳ ಮಂಚದ ಕಾಲ್ದೆಸೆಯಲ್ಲಿ ನಿಂತು ಹೇಳಿದರು: "ನನಗ ಗೊತ್ತಿತ್ತು. ವಿಷ ಅಂದ್ರ ಓನರ್ ತೊಟ್ಟಿ ತೆಗಸ್ತಾರ ಅಂತ ಹೇಳಲಿಲ್ಲ. ತಪ್ಪು ನಂದು." ಲತಾ ಗೋಡೆಯ ಕಡೆ ತಿರುಗಿಕೊಂಡಳು.

ನಾವು ಯಾರಿಗೂ ಹೇಳಿರಲಿಲ್ಲ. ಆದರೂ ಆ ವಾರವೇ ಅವರು ಕಟ್ಟಡದ ಮನೆಮನೆಗೂ ಹೋಗಿ ತಾವೇ ಹೇಳಿದರು. ನಿರೀಕ್ಷಿಸಿದಂತೆ ಓನರ್ ತೊಟ್ಟಿ ಬೇಡವೆಂದರು. ಕುಂದಲಹಳ್ಳಿಯಲ್ಲಿ ಹವಳ ಸಾಕುವ ಒಬ್ಬರು ಅವನ್ನು ಇಟ್ಟುಕೊಳ್ಳಲು ಒಪ್ಪಿಕೊಂಡರು. ಬಕೆಟ್ ಹಿಡಿಯಲು ನಾನೂ ಹೋದೆ. ಆ ಮನೆಯಾತ "ಎಷ್ಟು ಚೆನ್ನಾಗಿದೆ ಮೇಡಂ" ಎಂದು ಬಗ್ಗಿದರೆ, ಗಿರಿಜಕ್ಕ ಬಕೆಟ್ಟಿನ ಮುಚ್ಚಳ ಹಾಕಿ ಅದರ ಮೇಲೆ ಕೈಯಿಟ್ಟರು. "ಮೊದಲ ಇದರ ವಿಷ ಕೇಳ್ರಿ. ಆಮೇಲೆ ಚಂದ ನೋಡ್ರಿ." ಹೊಸ ನೀರಿನಲ್ಲಿ ಮೊದಲ ಹವಳ ಅರಳುವವರೆಗೆ ಎರಡು ತಾಸು ಅಲ್ಲೇ ಕೂತಿದ್ದರು.

ಕೆಲವು ತಿಂಗಳಲ್ಲಿ ಕೆಲಸ ಬಿಟ್ಟು ತಂಗಿಯ ಊರಿಗೆ ಹೊರಟರು. ನಾನು ಡ್ಯೂಟಿಯಲ್ಲಿದ್ದೆ. ಸಂಜೆ ಬಂದಾಗ ಕೆಳಗಿನ ಮನೆಗೆ ಬೀಗ.

"ಹೋದರಾ?" ಎಂದೆ.

"ಹೂಂ," ಎಂದಳು ಲತಾ. ಅಷ್ಟು ದಿನ ಅವರೊಂದಿಗೆ ಮಾತು ಬಿಟ್ಟವಳು. "ದಾರಿಗೆ ಚಿತ್ರಾನ್ನ ಕಟ್ಟಿಕೊಟ್ಟೆ. ಡಬ್ಬಿ ವಾಪಸ್ ಕೊಡಕ್ಕಾದ್ರೂ ಬರ್ಬೇಕು ಅಂತ ಹೇಳಿದೀನಿ."