ಒಕ್ಕಲಾಗದ ಮನೆ

ಶಿರಂಗಾಲದ ಸಿದ್ದರಾಜುವನ್ನು ನೇಪಾಳಕ್ಕೆ ಕರೆದುಕೊಂಡು ಹೋದವನು ನಾನೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮುಂದಿನದೆಲ್ಲ ಅವನೊಬ್ಬನ ತಪ್ಪಿನಂತೆ ಕಾಣುತ್ತದೆ. ಹಾಗೆ ಕಂಡರೆ ಕಾಣಲಿ ಎಂಬ ಆಸೆಯೂ ನನಗೆ ಒಳಗೊಳಗೇ ಇದೆ, ಅದಕ್ಕೇ ಹೇಳುತ್ತಿದ್ದೇನೆ.

ನಾನು ಕುಶಾಲನಗರದ ಹತ್ತಿರ ಐಟಿಐ ಒಂದರಲ್ಲಿ ಕಟ್ಟಡದ ಕೆಲಸ ಕಲಿಸುತ್ತಿದ್ದ ಮೇಷ್ಟ್ರು. ಸಿದ್ದರಾಜು ಓದಿದ್ದು ನಾಲ್ಕನೇ ಕ್ಲಾಸು. ಅವನಪ್ಪ ಅರಕಲಗೂಡು ಕಡೆಯಿಂದ ಬಂದು ಶಿರಂಗಾಲದಲ್ಲಿ ನೆಲೆನಿಂತ ಕಲ್ಲುಗೆಲಸದವನು. ಅಪ್ಪನ ಹಿಂದೆ ಮಣ್ಣು ಕಲಸುತ್ತ ಬೆಳೆದ ಮಗ ಪಾಲಿಬೆಟ್ಟದ ಎಸ್ಟೇಟುಗಳಲ್ಲಿ ಕೂಲಿಯವರ ಲೈನ್ ಮನೆಗಳನ್ನು ಕಟ್ಟಿದ, ಊರ ಕಡೆ ಅರವತ್ತಕ್ಕೂ ಹೆಚ್ಚು ಮನೆಗಳನ್ನು ಕಟ್ಟಿದ. ನನ್ನ ಪಾಠ ಮುಗಿಸಿದ ಹುಡುಗರನ್ನು ನಾನೇ ಅವನ ಹತ್ತಿರ ಕೆಲಸಕ್ಕೆ ಕಳಿಸುತ್ತಿದ್ದೆ. "ನೀವು ತಲೆಗೆ ತುಂಬಿದ್ನ ಕೈಗಿಳ್ಸೋಕೆ ನಂಗೆ ಆರ್ ತಿಂಗ್ಳು ಬೇಕು ಮೇಷ್ಟ್ರೇ" ಎಂದು ಎಲ್ಲರೆದುರೇ ಹೇಳುತ್ತಿದ್ದ. ನನಗೆ ಸಿಟ್ಟು ಬರುತ್ತಿತ್ತು, ಆದರೆ ಮಾತು ನಿಜವಾಗಿತ್ತು.

ಅವನಿಗೊಂದು ಹಟವಿತ್ತು. ಗೋಡೆ ಎದ್ದು, ಮಾಡು ಕೂತು, ಸುಣ್ಣ ಬಳಿದರೂ ಅವನ ಪಾಲಿಗೆ ಕೆಲಸ ಮುಗಿಯುತ್ತಿರಲಿಲ್ಲ. ಮನೆಯವರು ಒಕ್ಕಲಾಗಬೇಕು, ಹೊಸ ಒಲೆಯ ಮೇಲೆ ಹಾಲು ಉಕ್ಕಬೇಕು, ಅದನ್ನು ಅವನು ಕಣ್ಣಾರೆ ನೋಡಬೇಕು. ಆಮೇಲೆಯೇ ಕರಣೆ ತೊಳೆದು ಚೀಲಕ್ಕೆ ಹಾಕುತ್ತಿದ್ದ. ಒಕ್ಕಲಾಗದ ಮನೆ ಒಂದೂ ತನ್ನ ಹೆಸರಿಗಿಲ್ಲ ಎನ್ನುವುದು ಅವನಿಗಿದ್ದ ಒಂದೇ ಜಂಬ.

ನೇಪಾಳದ ಭೂಕಂಪದ ಚಿತ್ರಗಳನ್ನು ಅವನು ನೋಡಿದ್ದು ನಮ್ಮ ಮನೆಯ ಟಿವಿಯಲ್ಲಿ. ಉಳಿದವರೆಲ್ಲ ಅಯ್ಯೋ ಪಾಪ ಎನ್ನುತ್ತಿದ್ದರೆ ಇವನು ಪರದೆಗೆ ಮೂಗು ತಾಗಿಸಿ ನಿಂತು ಬೈಯುತ್ತಿದ್ದ. "ನೋಡಿ ಮೇಷ್ಟ್ರೇ, ಗೋಡೆ ಒಳಪದರ ಬೇರೆ, ಹೊರಪದರ ಬೇರೆ. ಎರಡ್ನೂ ಕಚ್ಕಳೋ ಅಡ್ಡಗಲ್ಲೇ ಇಲ್ಲ. ಬೀಳ್ದೆ ಇನ್ನೇನ್ ಮಾಡುತ್ತೆ? ಯಾರಾದ್ರೂ ಹೋಗಿ ಹೇಳ್ಬಾರ್ದಾ?"

ಎರಡು ವರ್ಷ ಕಳೆದು ನಾನು ನಿವೃತ್ತನಾದೆ. ಸೇವಾ ಸಂಸ್ಥೆಯೊಂದು ಅಲ್ಲಿ ಮನೆ ಕಟ್ಟಿಕೊಡಲು ತಂಡ ಕಳಿಸುತ್ತಿತ್ತು. ಊಟ, ವಸತಿ ಉಂಟು, ಕೂಲಿ ಇಲ್ಲ. ನಾನು ಹೋಗುತ್ತೇನೆ ಎಂದಾಗ ಅವನು "ಹೇಳೋರ್ ನೀವು, ಕಟ್ಟೋರ್ ಯಾರು?" ಎಂದು ಕೇಳಿ ಹೊರಟೇಬಿಟ್ಟ. ಅವನ ಹೆಂಡತಿ ವನಜಮ್ಮ ಬಾಗಿಲಲ್ಲಿ ನಿಂತು ನನಗೆ ಕೇಳುವಂತೆಯೇ ಹೇಳಿದರು: "ಹಿತ್ಲು ಗೋಡೆ ಬಿದ್ದು ಮೂರ್ ಮಳೆಗಾಲ ಆಯ್ತು. ಅದ್ಕೊಂದ್ ಕಲ್ಲಿಡಕ್ಕೆ ಪುರ್ಸೊತ್ತಿಲ್ಲ, ನೇಪಾಳ ಕಟ್ಟಕ್ಕೆ ಹೊಂಟವ್ರೆ. ಊರಿಗೆ ಉಪಕಾರಿ, ಮನೆಗೆ ಮಾರಿ."

ನಮಗೆ ಸಿಕ್ಕಿದ್ದು ಗುಡ್ಡದ ಮೇಲಿನ ಒಂದು ಹಳ್ಳಿ. ಕೆಳಗೆ ಹೊಳೆ, ಹೊಳೆಯಾಚೆ ಒಂದು ಹಳೆಯ ಪೇಟೆ. ನಾವು ಕಟ್ಟಬೇಕಾದದ್ದು ಒಬ್ಬ ಮುದುಕಿಯ ಮನೆ. ಊರವರೆಲ್ಲ ಆಕೆಯನ್ನು ಆಮಾ ಎನ್ನುತ್ತಿದ್ದರು, ಅಮ್ಮ ಎಂದೇ ಅರ್ಥ. ಹಳೆಯ ಮನೆ ಕುಸಿದಾಗ ಆಕೆಯ ಗಂಡನೂ ಮೊಮ್ಮಗಳೂ ಅದರಡಿಯಲ್ಲಿ ಸತ್ತಿದ್ದರು. ಆಗಿನಿಂದ ಆಕೆ ಪಕ್ಕದಲ್ಲೇ ಒಂದು ತಗಡಿನ ಶೆಡ್ಡಿನಲ್ಲಿದ್ದಳು. ಶೆಡ್ಡಿನ ಹೊರಗೆ ಹಳೆಯ ಮನೆಯ ಹೆಬ್ಬಾಗಿಲಿನ ಚೌಕಟ್ಟನ್ನು ಒರಗಿಸಿ, ಮೇಲೆ ನೀಲಿ ಪ್ಲಾಸ್ಟಿಕ್ ಹೊದಿಸಿದ್ದರು. ಆಕೆಯ ಮಾವ ಕೆತ್ತಿದ ಚೌಕಟ್ಟಂತೆ. ಮೇಲ್ಪಟ್ಟಿಯಲ್ಲಿ ಎರಡು ನವಿಲುಗಳಿದ್ದವು.

ಸಿದ್ದರಾಜುವಿಗೆ ಹಿಂದಿ ಬಾರದು, ಆಮಾಗೆ ಕನ್ನಡ ಬಾರದು. ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲೇ ದಿನವಿಡೀ ಮಾತಾಡುತ್ತಿದ್ದರು. ಆಕೆ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಲೋಟ ಚಹಾ ತಂದು ಗೋಡೆಯ ಮೇಲಿಡುತ್ತಿದ್ದಳು. ಅವನು ಅಡ್ಡಗಲ್ಲು ತೋರಿಸಿ ಅದರ ಮೇಲೆ ನಿಂತು ಕುಣಿದು, ಅಲ್ಲಾಡಲ್ಲ ನೋಡವ್ವ ಎನ್ನುತ್ತಿದ್ದ. ಆಕೆ ನಗುತ್ತಿದ್ದಳು. ಎರಡು ವರ್ಷದಲ್ಲಿ ಆಮಾ ನಕ್ಕದ್ದನ್ನು ಕಂಡಿರಲಿಲ್ಲ ಎಂದು ಕೆಲಸ ನೋಡಿಕೊಳ್ಳುತ್ತಿದ್ದ ಅಲ್ಲಿಯ ಎಂಜಿನಿಯರ್ ಹುಡುಗಿ ನನಗೆ ಹಿಂದಿಯಲ್ಲಿ ಹೇಳಿದಳು.

ಬಾಗಿಲು ನಿಲ್ಲಿಸುವ ದಿನ ಹತ್ತಿರ ಬಂತು. ತಂಡದವರು ಕೊಟ್ಟ ಸಾದಾ ಚೌಕಟ್ಟು ಸಿದ್ಧವಾಗಿತ್ತು. ಸಿದ್ದರಾಜುವಿನ ಕಣ್ಣು ಮತ್ತೆ ಮತ್ತೆ ನೀಲಿ ಪ್ಲಾಸ್ಟಿಕ್ಕಿನ ಮೇಲೆ ಹೋಗುತ್ತಿತ್ತು. "ಮೇಷ್ಟ್ರೇ, ಆಳು ನುಂಗಿದ ಬಾಗ್ಲು ಅದು. ಮಗ್ಗುಲಲ್ಲೇ ಇಟ್ಕಂಡು ಮಲಗ್ತಾರಲ್ಲ ಈಯಮ್ಮ" ಎಂದ. ನಮ್ಮ ಕಡೆಯವರಿಗೆ ವಿವರಿಸಬೇಕಿಲ್ಲ. ಬಿದ್ದ ಮನೆ ಆಳು ತೆಗೆದುಕೊಂಡಿದ್ದರೆ ಅದರ ಹೆಬ್ಬಾಗಿಲನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ಸೀಳಿ ಒಲೆಗೂ ಹಾಕುವುದಿಲ್ಲ, ಹರಿಯುವ ನೀರಿಗೆ ಬಿಡುತ್ತಾರೆ. ಮನೆಯ ಹೆಂಗಸರು ಅದನ್ನು ಮುಟ್ಟಬಾರದು, ಗಂಡಸರು ಮಾಡಬೇಕಾದ ಕೆಲಸ. "ಪಾಪ, ಮಾಡಾಕೆ ಗಂಡಸ್ರಿಲ್ಲ. ಅದ್ಕೇ ಉಳ್ಕಂಡದೆ" ಎಂದ ಸಿದ್ದರಾಜು. ನನಗೂ ಹಾಗೇ ಅನ್ನಿಸಿತು. ಇಷ್ಟು ವರ್ಷ ಪಾಠ ಹೇಳಿದವನಿಗೆ, ಆಕೆಯನ್ನೇ ಒಂದು ಮಾತು ಕೇಳೋಣ ಎಂದು ಹೊಳೆಯಲಿಲ್ಲ.

ಆಮಾ ಎರಡು ದಿನ ತಂಗಿಯ ಊರಿಗೆ ಹೋಗಿದ್ದಳು. ಅದೇ ಹೊತ್ತು ನೋಡಿ, ಬೆಳಗಿನ ಚಳಿಯಲ್ಲಿ ಸಿದ್ದರಾಜು ಸ್ನಾನ ಮಾಡಿ ಬಂದು ಚೌಕಟ್ಟನ್ನು ನಾಲ್ಕು ತುಂಡು ಮಾಡಿದ. ಒಂದು ತುದಿ ಅವನು, ಇನ್ನೊಂದು ತುದಿ ನಾನು ಹಿಡಿದು ಎರಡು ಸಲ ಹೊಳೆಗೆ ಇಳಿದೆವು. ಊರಿಂದ ತಂದಿದ್ದ ಅರಿಶಿನವನ್ನು ತುಂಡುಗಳಿಗೆ ಹಚ್ಚಿ, "ಗಂಗವ್ವ, ಈ ಮನೆ ಪೀಡೆನ ತಗಂಡೋಗು ತಾಯಿ" ಎಂದು ಕೈಮುಗಿದ. ನವಿಲುಗಳಿದ್ದ ತುಂಡು ಒಂದು ಬಂಡೆಗೆ ತಾಗಿ ನಿಂತಿತು. ಅವನೇ ಸೊಂಟದವರೆಗೆ ನೀರಿಗಿಳಿದು ಅದನ್ನು ಬಿಡಿಸಿ ತಳ್ಳಿದ. ಅವತ್ತು ಮಧ್ಯಾಹ್ನದವರೆಗೆ ಅವನು ಏನೂ ತಿನ್ನಲಿಲ್ಲ. ಅಷ್ಟು ಭಕ್ತಿಯಿಂದ ಮಾಡಿದ ಕೆಲಸ ಅದು.

ಆಮಾ ಮಾರನೆಯ ಸಂಜೆ ಬಂದಳು. ಶೆಡ್ಡಿನೆದುರು ನಿಂತು ಖಾಲಿ ಪ್ಲಾಸ್ಟಿಕ್ ನೋಡಿದಳು. ಸಿದ್ದರಾಜು ಗೋಡೆಯಿಂದ ಇಳಿದು ಬಂದು, ಹೊಳೆಯ ಕಡೆ ಕೈ ತೋರಿಸಿ, ಕೈಮುಗಿದು, ಇನ್ನು ಚಿಂತೆಯಿಲ್ಲ ಎಂಬಂತೆ ತಲೆಯಾಡಿಸಿ ನಕ್ಕ. ಆಕೆ ಪ್ಲಾಸ್ಟಿಕ್ಕನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಒಳಗೆ ಹೋದಳು. ಮರುದಿನದಿಂದ ಚಹಾ ಬರಲಿಲ್ಲ.

"ಸತ್ತೋರ ನೆನಪಾಗಿರ್ಬೇಕು, ಬಿಡಿ" ಎಂದ ಸಿದ್ದರಾಜು. ಅಷ್ಟರಲ್ಲಿ ಎಂಜಿನಿಯರ್ ಹುಡುಗಿ ನನ್ನನ್ನು ಬದಿಗೆ ಕರೆದು ಬಾಗಿಲು ಎಲ್ಲಿ ಎಂದು ಕೇಳಿದಳು. ಹೇಳಿದೆ. ಅವಳ ಮುಖ ಬಿಳಿಚಿಕೊಂಡಿತು. ಹೊಸ ಮನೆಗೆ ಅದನ್ನೇ ನಿಲ್ಲಿಸಬೇಕೆಂದು ಆಮಾ ಕಾದಿದ್ದಳಂತೆ, ನಮಗೆ ಹೇಳುವ ಕೆಲಸ ಯಾರದೆಂದು ಯಾರಿಗೂ ಗೊತ್ತಿರಲಿಲ್ಲವಂತೆ. ಈ ಮಾತನ್ನು ನಾನು ಸಿದ್ದರಾಜುವಿಗೆ ಹೇಳಲಿಲ್ಲ. ಕೆಲಸ ನಿಂತೀತು ಎಂದು ನನಗೇ ಸಮಾಧಾನ ಹೇಳಿಕೊಂಡೆ. ನಿಜವೆಂದರೆ ನನಗೆ ಹೆದರಿಕೆಯಾಗಿತ್ತು.

ಅಲ್ಲಿ ಶನಿವಾರ ರಜೆ. ಹೊಳೆಯಾಚೆಯ ಪೇಟೆಯಲ್ಲಿ ಬಿದ್ದುಹೋದ ಒಂದು ದೇವಸ್ಥಾನದ ಅಡಿಪಾಯವನ್ನು ಪುರಾತತ್ವದವರು ಅಗೆಯುತ್ತಿದ್ದರು. ಹೊರದೇಶದ ಹುಡುಗ ಹುಡುಗಿಯರು ಸ್ವಯಂಸೇವಕರಾಗಿ ಬಂದು ಮಣ್ಣು ಜರಡಿ ಹಿಡಿಯುತ್ತಿದ್ದರು, ಜರಡಿಗಿಂತ ಹೆಚ್ಚು ಫೋಟೊ ಹಿಡಿಯುತ್ತಿದ್ದರು. ನಾವೂ ಹೋದೆವು. ಸಿದ್ದರಾಜುವಿಗೆ ಕೈಗೊಂದು ಸಣ್ಣ ಬ್ರಷ್ ಕೊಟ್ಟರು. "ಇದ್ರಲ್ಲಿ ಗೋಡೆ ಉಜ್ಜದೋ, ಹಲ್ಲುಜ್ಜದೋ?" ಎಂದು ನಗುತ್ತ ಕೂತವನು ಹತ್ತು ನಿಮಿಷದಲ್ಲಿ ಮಣ್ಣಿನಡಿಯ ಮೂಲೆಗಲ್ಲಿನ ಸಾಲನ್ನು ಪತ್ತೆಹಚ್ಚಿಬಿಟ್ಟ. ಅಗೆಸುತ್ತಿದ್ದ ದೊಡ್ಡವರೇ ಬಂದು ನೋಡಿದರು.

ಪಕ್ಕದ ಚಪ್ಪರದಲ್ಲಿ ಬಿದ್ದ ಗುಡಿಯ ಮರಗಳನ್ನೆಲ್ಲ ಸಾಲಾಗಿ ಮಲಗಿಸಿದ್ದರು. ಕಂಬ, ತೊಲೆ, ಬಾಗಿಲು, ಒಂದೊಂದಕ್ಕೂ ದಾರ ಕಟ್ಟಿ ನಂಬರು ಹಾಕಿದ್ದರು.

"ಇವ್ನೆಲ್ಲ ಯಾವಾಗ ನೀರಿಗ್ ಬಿಡ್ತಾರಂತೆ ಕೇಳಿ" ಎಂದ.

ನಾನು ಕೇಳಲಿಲ್ಲ. ಉತ್ತರ ಗೊತ್ತಿತ್ತು. "ಬಿಡಲ್ಲ ಸಿದ್ದರಾಜು. ಎಲ್ಲೆಲ್ಲಿತ್ತೋ ಅಲ್ಲಲ್ಲೇ ಮತ್ತೆ ನಿಲ್ಲಿಸ್ತಾರೆ."

"ಇದ್ರಡಿ ಯಾರೂ ಸತ್ತಿಲ್ವಾ?"

"ನಾಲ್ಕು ಜನ ಸತ್ತಿದ್ದಾರೆ."

ಅವನು ಆ ಮರಗಳನ್ನು ನೋಡುತ್ತ ನಿಂತ. ಆಮೇಲೆ ನನ್ನ ಮುಖ ನೋಡಿದ. "ನಿಮ್ಗೆ ಗೊತ್ತಿತ್ತು" ಎಂದ. ಹೂಂ ಎಂದೆ. ಬ್ರಷ್ಷನ್ನು ನೆಲದ ಮೇಲಿಟ್ಟು ಹೊಳೆಯ ಕಡೆ ನಡೆದ. ಬೈದಿದ್ದರೆ ಚೆನ್ನಾಗಿತ್ತು.

ಉಳಿದ ಎಂಟು ದಿನ ಅವನು ಒಂದು ಹೊಸ ದಿಮ್ಮಿ ತರಿಸಿ ಚೌಕಟ್ಟು ಕೊರೆದ. ಅವನು ಕಲ್ಲಿನವನು, ಮರದ ಕೆಲಸ ಅಷ್ಟಕ್ಕಷ್ಟೆ. ಅವನ ನವಿಲು ಕೋಳಿಯ ಹಾಗೆ ಬಂತು, ಅದನ್ನು ಕೆರೆದು ಬರೀ ಬಳ್ಳಿ ಮಾಡಿದ. ಬಾಗಿಲು ನಿಲ್ಲಿಸಿ, ನೆಲ ಸಾರಿಸಿ, ಹೊಸ ಒಲೆಯ ಮೇಲೆ ಹಾಲಿನ ಪಾತ್ರೆ ಇಟ್ಟು ಆಮಾಳನ್ನು ಕರೆತರಲು ಎಂಜಿನಿಯರ್ ಹುಡುಗಿಯನ್ನು ಕಳಿಸಿದ. ಆಕೆ ಬಂದಳು. ಅವನು ಮಣ್ಣಿನಲ್ಲೇ ಉದ್ದಕ್ಕೆ ಬಿದ್ದು ಆಕೆಯ ಕಾಲು ಹಿಡಿದ. ಆಕೆ ಅವನ ತಲೆ ಸವರಿದಳು. ಚೌಕಟ್ಟನ್ನೂ ಸವರಿದಳು, ಹೊಸಿಲು ಮಾತ್ರ ದಾಟಲಿಲ್ಲ. ಆಕೆ ಹೇಳಿದ್ದನ್ನು ಹುಡುಗಿ ನನಗೆ ಹೇಳಿದಳು, ನಾನು ಅವನಿಗೆ ಹೇಳಬೇಕಾಯಿತು.

"ಮನೆ ಗಟ್ಟಿಯಾಗಿದೆ, ನಿನ್ನ ಮೇಲೆ ಕೋಪವಿಲ್ಲ ಅಂತಾರೆ. ಹೋದವರು ತಿಥಿಗೆ ಬರೋವಾಗ ಆ ಬಾಗಿಲು ಗುರುತು ಹಿಡಿದು ಬರ್ತಿದ್ರಂತೆ. ಈ ಮನೆಯಲ್ಲಿ ತಾನಿದ್ರೆ ಅವರಿಗೆ ಗೊತ್ತಾಗಲ್ವಂತೆ. ಶೆಡ್ಡಾದ್ರೆ ಅವರು ನೋಡಿದಾರಂತೆ."

ಒಲೆಯ ಮೇಲೆ ಹಾಲು ಆರಿ ಕೆನೆಗಟ್ಟಿತು. ಮಾಘದಲ್ಲಿ ನಾವು ಊರಿಗೆ ಹೊರಟೆವು. ಸಂಸ್ಥೆಯವರು ಇಬ್ಬರಿಗೂ ಪ್ರಮಾಣಪತ್ರ ಕೊಟ್ಟರು. ಅವನು ತನ್ನದನ್ನು ಗೋರಖ್‌ಪುರದ ಸ್ಟೇಷನ್ನಿನ ಬೆಂಚಿನ ಮೇಲೆ ಬಿಟ್ಟು ರೈಲು ಹತ್ತಿದ.

ಆ ವರ್ಷದ ಮಳೆಗಾಲದಲ್ಲಿ, ಆಟಿ ತಿಂಗಳು ಮುಗಿಯುವ ಹೊತ್ತಿಗೆ ನಮ್ಮ ಕೊಡಗಿನಲ್ಲೇ ಗುಡ್ಡಗಳು ಜಾರಿದವು. ಮೇಸ್ತ್ರಿಗಳಿಗೆ ಎಲ್ಲಿಲ್ಲದ ಬೇಡಿಕೆ. ಸಿದ್ದರಾಜು ಹೋಗುತ್ತಿದ್ದ, ಆದರೆ ಬಿದ್ದ ಮನೆಯ ಒಂದು ಹಂಚು ಎತ್ತಬೇಕಾದರೂ ಮನೆಯವರನ್ನು ಕೇಳುತ್ತಿದ್ದ. ಅವರು ಬಿಸಾಕಿ ಎಂದರೆ ಮತ್ತೊಮ್ಮೆ ಕೇಳುತ್ತಿದ್ದ. ಮೇಸ್ತ್ರಿಗೆ ತಲೆ ಸರಿಯಿಲ್ಲ ಎಂದು ಜನ ಬೇರೆಯವರನ್ನು ಕರೆಯತೊಡಗಿದರು. ತಿಂಗಳಿಗೊಮ್ಮೆ ನಮ್ಮ ಮನೆಗೆ ಬಂದು ಒಂದೇ ಮಾತು ಕೇಳುತ್ತಿದ್ದ: "ಆಯಮ್ಮ ಒಳಿಕ್ ಹೋದ್ರಂತಾ?" ನಾನು ಎಂಜಿನಿಯರ್ ಹುಡುಗಿಗೆ ಫೋನ್ ಮಾಡುತ್ತಿದ್ದೆ. ಇಲ್ಲ ಎನ್ನುತ್ತಿದ್ದಳು.

ಮುಂದಿನ ಪುಷ್ಯದಲ್ಲಿ ಫೋನು ಅಲ್ಲಿಂದಲೇ ಬಂತು. ಆಮಾ ಚಳಿಗೆ ಎದೆ ಕಟ್ಟಿ ತೀರಿಹೋಗಿದ್ದಳು, ಶೆಡ್ಡಿನಲ್ಲೇ. ಹೊಸ ಮನೆಯಲ್ಲಿ ಊರವರು ಮುಸುಕಿನ ಜೋಳ ತುಂಬಿದ್ದಾರಂತೆ.

ಹೇಳಲು ಹೋದಾಗ ಸಿದ್ದರಾಜು ಹಿತ್ತಿಲ ಗೋಡೆಗೆ ಕಲ್ಲಿಡುತ್ತಿದ್ದ. ಪೂರ್ತಿ ಕೇಳಿಸಿಕೊಂಡು ಕೆಲಸ ಅಲ್ಲಿಗೇ ಬಿಟ್ಟು ಬಾವಿಯ ಹತ್ತಿರ ಹೋಗಿ ತಲೆಯ ಮೇಲೆ ನೀರು ಸುರಿದುಕೊಂಡ. ಮಾರನೆಯ ದಿನ ತಲೆ ಬೋಳಿಸಿಕೊಂಡು ಬಂದ. ವನಜಮ್ಮ ಎದೆ ಬಡಿದುಕೊಂಡರು. "ನಿಮ್ಮವ್ವ ಹೋಗಿ ಇಪ್ಪತ್ ವರ್ಷ ಆಯ್ತಲ್ರೀ! ಯಾವ್ ದೇಶದ್ ಮುದ್ಕಿಗೋ ಸೂತಕ ಹಿಡೀತಾರಾ? ಜನ ಏನಂತಾರೆ?"

"ಆಯಮ್ಮನ ಮನೆ ಭೂಮಿ ಒಂದ್ಸಲ ಬೀಳ್ಸ್ತು. ನಾನ್ ಇನ್ನೊಂದ್ಸಲ ಬೀಳ್ಸ್ದೆ ಕಣೇ" ಎಂದ.

ಹನ್ನೊಂದನೆಯ ದಿನ ಕರೆದವರಲ್ಲಿ ಹೋದವನು ನಾನೊಬ್ಬನೇ. ವನಜಮ್ಮ ಗೊಣಗುತ್ತಲೇ ಅಡುಗೆ ಮಾಡಿದ್ದರು. ಅನ್ನ, ಸಾರು, ಪಾಯಸ, ಒಂದು ಲೋಟ ಚಹಾ. ಸಿದ್ದರಾಜು ಬಾಳೆಲೆಯಲ್ಲಿ ಎಡೆ ಬಡಿಸಿಕೊಂಡು ಹೊರಗಿನ ಜಗಲಿಯ ಮೇಲಿಟ್ಟ. ಎಡೆ ಒಳಗಲ್ಲವೇ ಇಡುವುದು ಎಂದು ಕೇಳಿದೆ. "ಒಳಿಕ್ ಬನ್ನಿ ಅನ್ನೋ ಮುಖ ನಂಗೆಲ್ಲಿ ಅದೆ ಮೇಷ್ಟ್ರೇ" ಎಂದು ಎಲೆಯ ಮುಂದೆ ಕೂತ. ನನಗೆ ನನ್ನ ಎರಡು ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ವನಜಮ್ಮ ಒಳಗಿಂದ ಬಂದವರು ಸ್ವಲ್ಪ ಹೊತ್ತು ಗಂಡನನ್ನೇ ನೋಡಿದರು. ಆಮೇಲೆ ಬಗ್ಗಿ, ಎಲೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು.

"ಯಾರಾದ್ರೂ ಬಂದೋರ್ನ ಹೊರಗ್ ಕೂರ್ಸಿ ಉಣ್ಣಕ್ಕಿಕ್ತಾರಾ? ಬನ್ನಿ ಅವ್ವ, ಒಳಿಕ್ ಬನ್ನಿ" ಎಂದು, ಹಿಂದೆ ಯಾರೋ ಮುದುಕರು ಬರುತ್ತಿದ್ದಾರೆಂಬಂತೆ ಮೆಲ್ಲಗೆ ಹೆಜ್ಜೆಯಿಡುತ್ತ ಹೊಸಿಲು ದಾಟಿದರು.

ನಾನೂ ಎದ್ದು ಒಳಗೆ ಹೋದೆ. ವನಜಮ್ಮ ಎರಡು ಸಲ ಕರೆದರೂ ಸಿದ್ದರಾಜು ಬರಲಿಲ್ಲ.