ಹಕಾರವಿಲ್ಲದ ಹೆದರಿಕೆ

ನಿಮ್ಮ ತಾತ ಹೋದಮೇಲೆ ಹಾಸನದ ಈ ಮನೆಯಲ್ಲಿ ಅವರು ಸಾಕಿದ್ದು ಅಂತ ಉಳಿದದ್ದು ಒಂದು ಕೆಂದ ಹಸು. ಅದೂ ಕಂಪ್ಯೂಟರಿನೊಳಗೆ. ನಿಮ್ಮ ದೊಡ್ಡಕ್ಕನೂ ಅವರೂ ಸೇರಿ ಒಂದು ಹಳ್ಳಿಯ ಆಟ ಆಡುತ್ತಿದ್ದರು. ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಾ ನಾನು ನೋಡುತ್ತಿದ್ದೆ.

ಆ ಆಟಕ್ಕೆ ನಮ್ಮದೇ ಬದಲಾವಣೆ ಬರೆದು ಸೇರಿಸಬಹುದು, ಅದಕ್ಕೆ ಮಾಡ್ ಅನ್ನುತ್ತಾರೆ. ಅವರಿಬ್ಬರು ಬರೆದದ್ದರಲ್ಲಿ 'ಪ್ರಾಣಿ' ಅನ್ನುವುದು ತಾಯಿ ಕ್ಲಾಸು, ಅಂದರೆ ಮೂಲ ಅಚ್ಚು. ಹಸು, ಕುರಿ ಅದರ ಮಕ್ಕಳು. ತಾಯಿಗೆ ಬರೆದದ್ದು ಮಕ್ಕಳಿಗೆ ತಾನಾಗಿ ಬರುತ್ತದೆ. ತಾತ ತಾಯಿಯಲ್ಲಿ 'ಹೆದರು' ಅಂತ ಒಂದು ಫಂಕ್ಷನ್, ಅಂದರೆ ಆಗ ಏನು ಮಾಡಬೇಕೆಂಬ ಅಪ್ಪಣೆ, ಬರೆಸಿದ್ದರು, ಇಂಗ್ಲಿಷ್ ಅಕ್ಷರಗಳಲ್ಲಿ. ದೊಡ್ಡದೇನಾದರೂ ಎದುರಾದರೆ ಪ್ರಾಣಿ ನಡುಗಿ, ದಿಕ್ಕೆಟ್ಟು ಓಡಬೇಕು. ಓಡಿ ಊರಿನ ಎಲ್ಲೆ ದಾಟಿದ್ದು ಮತ್ತೆ ಬರುವುದಿಲ್ಲ.

ಈ ಬೇಸಿಗೆಯಲ್ಲಿ ಆಟದೊಳಕ್ಕೆ ಚಿರತೆ ಬಂತು. ಎರಡು ಕುರಿ ಹಾಗೇ ಓಡಿಹೋದವು. ನನಗೆ ಊಟ ಸೇರದಾಯಿತು.

"ಹಸುಗೆ ಬೇರೆ ಬರೀತೀನಿ ಅಜ್ಜಿ," ಅಂದಳು ನಿಮ್ಮಕ್ಕ. "ಅದೇ ಹೆಸರಲ್ಲಿ ಬರೆದ್ರೆ ಹಸು ಅಮ್ಮಂದು ಬಿಟ್ಟು ತನ್ನದೇ ಮಾಡುತ್ತೆ. ಓಡಲ್ಲ, ಕೊಟ್ಟಿಗೆಗೆ ಹೋಗುತ್ತೆ. ಹೆಸರು ಮಾತ್ರ ಒಂದೇ ಇರ್ಬೇಕು. ತಾತ ಭಯಕ್ಕೆ ಏನಂತ ಬರೆಸಿದ್ರು?"

"ಎದರೋದು ಕಣ್ಮಗಾ. ಎದರು."

ಹಳೆಯದನ್ನು ತೆರೆದು ನೋಡಲು ಅವಳಿಗೆ ಸೋಮಾರಿತನ. ನಾನು ಹೇಳಿದ್ದನ್ನೇ ಒತ್ತಿದಳು.

ಮಾರನೆಯ ಮಧ್ಯಾಹ್ನ ಚಿರತೆ ಬಂತು. ಹಸು ನಡುಗಿತು. ಕೊಟ್ಟಿಗೆಯ ಕಡೆ ತಿರುಗಲಿಲ್ಲ, ಕೆರೆ ಏರಿಯ ಕಡೆ ಓಡಿತು. ಅದರಾಚೆ ಎಲ್ಲೆ. ಇವಳು ಕಿರುಚಿ ಆಟವನ್ನು ತಡೆದಳು.

"ಮುಚ್ಬುಡು ಮಗಾ, ಮುಚ್ಬುಡು!"

"ಮುಚ್ಚಿದ್ರೂ ಹಿಂಗೇ ಸೇವ್ ಆಗೋಗುತ್ತೆ ಅಜ್ಜಿ. ಬೇರೆ ಕಾಪಿ ಇಟ್ಟಿಲ್ಲ."

ಹಸು ಎಲ್ಲೆಗೆ ಎರಡು ಹೆಜ್ಜೆ ದೂರದಲ್ಲಿ ಕಾಲೆತ್ತಿ ನಿಂತಿತ್ತು. ನಿಮ್ಮ ತಾತ ಒಳಗಿದ್ದಾಗ ಆಸ್ಪತ್ರೆಯ ಬಾಗಿಲಲ್ಲಿ ಕೂತಿದ್ದ ದಿನ ನನ್ನ ಅಂಗೈ ತಣ್ಣಗಾಗಿತ್ತಲ್ಲ, ಮತ್ತೆ ಹಾಗೇ ಆಯಿತು.

ಅವಳು ತಾಯಿಯದನ್ನು ಮೇಲೆ, ಹಸುವಿನದನ್ನು ಕೆಳಗೆ ತೆರೆದಿಟ್ಟು ಸಾಲುಸಾಲಾಗಿ ಹುಡುಕಿದಳು. ಏನೂ ಸಿಗಲಿಲ್ಲ. ನನಗೆ ಬರುವುದು ನಾಲ್ಕೇ ಇಂಗ್ಲಿಷ್ ಅಕ್ಷರ. ಆದರೂ ಮೇಲಿನ ಒಂದು ಪದದ ಮೊದಲಿಗೆ ಕುರ್ಚಿಯಂಥ ಒಂದು ಅಕ್ಷರ ಕಂಡಿತು. ಕೆಳಗೆ ಅದಿರಲಿಲ್ಲ.

ತಪ್ಪು ಯಾರದೆಂದು ಆಗಲೇ ತಿಳಿಯಿತು. ಬಾಗೂರಿನ ಶಾಲೆಯಲ್ಲಿ ಹಕಾರ ನುಂಗಿದ್ದಕ್ಕೆ ಮೇಷ್ಟ್ರು ನನ್ನ ಗೆಣ್ಣಿನ ಮೇಲೆ ಹೊಡೆಯುತ್ತಿದ್ದರು. ನಿಮ್ಮ ತಾತ ಹೊಳೆನರಸೀಪುರದವರು, ಅಕ್ಷರ ಬಿಡದೆ ಮಾತಾಡುವವರು. "ನಿನ್ನ ಹಕಾರ ಯಾವ ಬಸ್ಸಲ್ಲಿ ಬಿಟ್ಟು ಬಂದ್ಯೇ?" ಅಂತ ಕೊನೆಯವರೆಗೂ ರೇಗಿಸಿದರು. ಈಗ ನಾನು ನುಂಗಿದ ಅಕ್ಷರ ಅವರ ಹಸುವನ್ನೇ ಓಡಿಸಿತ್ತು.

"ಮಗಾ... ಮ್ಯಾಲ್ಗಡೆ ಒಂದು ಕುರ್ಚಿ ಐತೆ. ಕೆಳಗಡೆ ಇಲ್ಲ."

"ಯಾವ ಕುರ್ಚಿ?" ಅಂತ ಬಗ್ಗಿ ನೋಡಿದಳು. "ಹೆಚ್! ಅಯ್ಯೋ ಅಜ್ಜಿ, ಎದರು ಬೇರೆ, ಹೆದರು ಬೇರೆ ಅಂದ್ಕೊಂಡಿದೆ ಇದು. ನಾ ಬರೆದಿದ್ದನ್ನ ಯಾರೂ ಕರೀಲೇ ಇಲ್ಲ, ಅಮ್ಮಂದೇ ನಡೆದಿದೆ!"

ಅಕ್ಷರ ಸೇರಿಸಿದಳು. "ಬಿಡ್ಲಾ?"

"ಒಸಿ ತಡಿ. ಎದರಿಕೇನೇ ತಗದ್ಬುಟ್ಟಿದ್ದೀಯಾ? ಸುಮ್ಕೆ ನಿಂತ್ರೆ ಚಿರತೆ ಇಡ್ಕೊಳಲ್ವಾ?"

"ನಡುಕ ಹಂಗೇ ಇಟ್ಟಿದೀನಿ. ಓಡೋದು ಮಾತ್ರ ಬದಲಾಯಿಸಿರೋದು."

ಬಿಟ್ಟಳು. ಹಸು ಒಂದು ಹೆಜ್ಜೆ ಮುಂದಕ್ಕೇ ಇಟ್ಟಿತು. ಮೈಯೆಲ್ಲ ನಡುಗಿಸಿ, ಅದು ಆಮೇಲೆ ಕತ್ತು ತಿರುಗಿಸಿತು. ಏರಿ ಇಳಿದು, ಹುಣಸೆಮರ ಬಳಸಿ ಕೊಟ್ಟಿಗೆಯೊಳಗೆ ಹೋಯಿತು. ಚಿರತೆ ಹೊರಗೆ ಎರಡು ಸುತ್ತು ಸುತ್ತಿ ಹೊರಟುಹೋಯಿತು.

"ಉಳ್ಕೊಂತು ಅಜ್ಜಿ," ಅಂದಳು. "ಈಗ ನನ್ ಕೈ ಬಿಡು, ನೋಯ್ತಾ ಇದೆ."