ಮಾಮನೂ ನುಂಗಬೇಕಾದ ಗುಳಿಗೆ

ನಮ್ಮ ಅತ್ತೆಯ, ಅಂದರೆ ಅಪ್ಪನ ತಂಗಿಯ, ಗರ್ಭಚೀಲ ತೆಗೆಸುವ ದಿನವನ್ನು ಗೊತ್ತುಮಾಡಿದವರು ಅವಳ ಗಂಡ, ನಮ್ಮ ಮಾಮ. ಕಬ್ಬಿನ ಹಂಗಾಮು ಶುರುವಾಗುವ ಮೊದಲೇ ಅದೊಂದು ಮುಗಿದುಬಿಡಲಿ ಎಂಬುದು ಅವರ ವಿಚಾರ. ಟ್ರ್ಯಾಕ್ಟರಿನ ಗೇರ್‌ಬಾಕ್ಸನ್ನೂ ಅವರು ಪ್ರತಿ ವರ್ಷ ಹಂಗಾಮಿಗೆ ಮೊದಲೇ ಬಿಚ್ಚಿಸುತ್ತಿದ್ದರು. ಆ ವರ್ಷ ಎರಡೂ ಒಂದೇ ವಾರಕ್ಕೆ ಬಿದ್ದವು. ಮನೆಯಲ್ಲಿ ಹೆಚ್ಚು ಚರ್ಚೆಯಾದದ್ದು ಗೇರ್‌ಬಾಕ್ಸಿನ ಬಗ್ಗೆ.

ಅತ್ತೆಯ ಊರು ಅಥಣಿಯಿಂದ ಉಗಾರದ ಕಡೆ ಹೋಗುವ ದಾರಿಯಲ್ಲಿದೆ. ಒಂದಿಷ್ಟು ಕಬ್ಬು, ಒಂದಿಷ್ಟು ದ್ರಾಕ್ಷಿ, ಕೊಟ್ಟಿಗೆಯಲ್ಲಿ ಆಕಳುಗಳು. ಹಂಗಾಮು ಬಂತೆಂದರೆ ಮಾಮ ಟ್ರ್ಯಾಕ್ಟರಿಗೆ ಎರಡು ಟ್ರಾಲಿ ಕಟ್ಟಿಕೊಂಡು ಗಡಿಯಾಚೆಯ ಯಾವುದಾದರೊಂದು ಫ್ಯಾಕ್ಟರಿಗೆ ಕಬ್ಬು ಸಾಗಿಸಲು ಹೋಗುತ್ತಿದ್ದರು. ತಿಂಗಳುಗಟ್ಟಲೆ ಅಲ್ಲೇ ವಾಸ, ನೆನಪಾದಾಗ ಊರು. ನಾನು ಅಥಣಿಯ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ಶನಿವಾರ ಬಂತೆಂದರೆ ಅತ್ತೆಯ ಕೈರೊಟ್ಟಿ ತಿನ್ನಲು ಬಸ್ಸು ಹತ್ತುತ್ತಿದ್ದೆ.

ಅತ್ತೆಗೆ ಇದ್ದದ್ದು ಬಿಳಿ ಹೋಗುವ ತೊಂದರೆ. ಜೊತೆಗೆ ತುರಿಕೆ, ಕಿಬ್ಬೊಟ್ಟೆ ನೋವು. ಆ ಮನೆಯಲ್ಲಿ ಹೆಂಗಸರ ಹೊಕ್ಕುಳಿನ ಕೆಳಗಿನ ಎಲ್ಲ ರೋಗಕ್ಕೂ ಒಂದೇ ಹೆಸರು: ಉಷ್ಣ. ಈ ಖಾತೆಯ ಮಂತ್ರಿ ಮಾಮನ ತಾಯಿ, ನಾನೂ ಅವರನ್ನು ಆಯಿ ಎಂದೇ ಕರೆಯುತ್ತಿದ್ದೆ. ಆಯಿ ಸೊಸೆಗೆ ಸಬ್ಜಾ ಬೀಜ ನೆನೆಸಿ ಕುಡಿಸಿದರು, ಕಲ್ಲುಸಕ್ಕರೆ ತಿನ್ನಿಸಿದರು, ನೆತ್ತಿಗೆ ಔಡಲ ಎಣ್ಣೆ ಹಚ್ಚಿದರು. ಅತ್ತೆ ಬಸ್ಸು ಹತ್ತಿದರೆ ಆ ಎಣ್ಣೆಯ ವಾಸನೆಗೆ ಪಕ್ಕದ ಸೀಟು ತಾನಾಗಿಯೇ ಖಾಲಿಯಾಗುತ್ತಿತ್ತು. ಉಷ್ಣ ಮಾತ್ರ ಇಳಿಯಲಿಲ್ಲ. ನಡುವೆ ಮೆಡಿಕಲ್ ಅಂಗಡಿಯಿಂದ ಗುಳಿಗೆ ತಂದರು. ಕಡಿಮೆಯಾಯಿತು, ಮತ್ತೆ ಬಂತು. ಕೊನೆಗೆ ಯಾವುದೋ ಸಣ್ಣ ದವಾಖಾನೆಯಲ್ಲಿ, "ಚೀಲ ತಗಸಿಬಿಡ್ರಿ, ಕಿರಿಕಿರಿನೇ ಇರಂಗಿಲ್ಲ" ಅಂದರಂತೆ. ಓಣಿಯಲ್ಲಿ ಆಗಲೇ ಸಾಕಷ್ಟು ಹೆಂಗಸರು ತೆಗೆಸಿಕೊಂಡಿದ್ದರು. ಹೊಸ ಮಿಕ್ಸರ್ ತಂದವರ ಮನೆಗೆ ಹೋಗಿ ವಿಚಾರಿಸಿ ಬರುವ ಹಾಗೆ ಮಾಮ ಅವರ ಗಂಡಂದಿರನ್ನು ವಿಚಾರಿಸಿ ಬಂದಿದ್ದರು.

ಅತ್ತೆ ಒಲೆಯ ಮುಂದೆ ಕೂತು ನನ್ನ ತಟ್ಟೆಗೆ ರೊಟ್ಟಿ ಹಾಕುತ್ತ, "ನನಗ ಅಂಜಿಕಿ ಬರತೈತಬೇ. ಕೊಯ್ದ ಮ್ಯಾಲ ಏಳದಿದ್ರ?" ಅಂದಳು. ಅವಳು ಅಂಜಿದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಹಾವನ್ನು ಸೌದೆಯಿಂದ ಹೊಡೆದು ಅದೇ ಸೌದೆಯನ್ನು ಒಲೆಗೆ ಹಾಕಿದವಳು ಅವಳು. ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬೇಗ ಬರುತ್ತದೆ. ನಮ್ಮ ಮನೆತನದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ತಕರಾರಿಲ್ಲದೆ ಸಿಕ್ಕ ಪಾಲು ಅದೊಂದೇ. ಸೋಮವಾರವೇ ಅವಳನ್ನು ಅಥಣಿಗೆ ಕರೆದುಕೊಂಡು ಹೋಗಿ ಒಬ್ಬ ಡಾಕ್ಟರಮ್ಮನಿಗೆ ತೋರಿಸಲು ಸಾಲಿನಲ್ಲಿ ನಿಲ್ಲಿಸಿದೆ.

ಚೀಟಿ ಮಾಡಿಸುವಲ್ಲೇ ಗಾಡಿ ನಿಂತಿತು. ಕೌಂಟರಿನ ಹುಡುಗಿ ಗಂಡನ ಹೆಸರು ಕೇಳಿದಳು. ಅತ್ತೆ ಗಂಡನ ಹೆಸರು ಹೇಳುವವಳಲ್ಲ. ನಾನು ಹೇಳಲು ಬಾಯಿ ತೆರೆದರೆ, "ನೀ ಯಾಕ ಹೇಳತಿ? ಗಂಡ ನನ್ನಾವಲ್ಲ?" ಎಂದು ಕೈ ಚಿವುಟಿದಳು. ಮದುವೆ, ಕುಬಸಗಳಲ್ಲಿ ಹೇಳುವ ಹಾಗೆ ಹೆಸರನ್ನು ಪ್ರಾಸದ ಒಡಪಿಗೆ ಸೇರಿಸಿ ಹೇಳಿದರೆ ಮಾತ್ರ ದೋಷವಿಲ್ಲ. ಸೆರಗು ಸರಿಮಾಡಿಕೊಂಡು ಶುರುಮಾಡಿಯೇಬಿಟ್ಟಳು: "ದ್ರಾಕ್ಷಿ ಬಳ್ಳಿಗಿ ಕಟ್ಟೇನಿ ತಂತಿ, ಇಂಥಾ ರಾಯರ ಹೆಸರ ಹೇಳಾಕ ನನಗ್ಯಾಕ ಚಿಂತಿ!" 'ಇಂಥಾ' ಅನ್ನುವಲ್ಲಿ ಮಾಮನ ಹೆಸರಿತ್ತು, ಇಲ್ಲಿ ಬರೆದರೆ ನನ್ನನ್ನೂ ಚಿವುಟುತ್ತಾಳೆ. ಸಾಲಿನಲ್ಲಿದ್ದ ಹೆಂಗಸರು "ಛಾನ! ಛಾನ!" ಅಂದರು. ಹಿಂದಿನವಳೊಬ್ಬಳು ಪಾಳಿ ಬರುವ ಮೊದಲೇ ತನ್ನದನ್ನೂ ಹೇಳಿ ಮುಗಿಸಿದಳು.

ಡಾಕ್ಟರಮ್ಮ ತಪಾಸಣೆ ಮಾಡಿ, ಲ್ಯಾಬಿನಿಂದ ವರದಿ ತರಿಸಿ ನೋಡಿದರು. ಒಳಗೆ ಏನು ಹಾಕಿ ತೊಳೆದುಕೊಳ್ಳುತ್ತೀರಿ ಎಂದು ಕೇಳಿದರು. ಸಾಬೂನು, ಸ್ಫಟಿಕದ ನೀರು, ಗಾಯಕ್ಕೆ ಹಾಕುವ ಔಷಧಿ ಎಂದು ಅತ್ತೆ ಹೆಮ್ಮೆಯಿಂದ ಒಪ್ಪಿಸಿದಳು.

"ಅದು ಒಳಗಿನ ಜಾಗಾರಿ, ಹಾಲಿನ ಕ್ಯಾನ್ ಅಲ್ಲ. ತಿಕ್ಕಿ ತೊಳದಷ್ಟೂ ಬ್ಯಾನಿ ಜಾಸ್ತಿ ಆಗತೈತಿ," ಎಂದು ಬೈದರು ಡಾಕ್ಟರಮ್ಮ. ಆಮೇಲೆ, "ಗುಳಿಗಿ ತಗೊಂಡ್ರ ಕಡಿಮಿ ಆಗತಿತ್ತಲ್ಲ, ಮತ್ತ ಯಾವಾಗ ಬರತಿತ್ತು?" ಎಂದು ಕೇಳಿದರು.

ಅತ್ತೆ ಯೋಚಿಸಿದಳು. "ಇವರು ಹಂಗಾಮದಾಗ ಊರಿಗೆ ಬಂದು ಹೋದ ಮ್ಯಾಲ್ರಿ," ಅಂದಳು. ಅಂದವಳು ತಾನೇ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಇದು ಒಬ್ಬರಿಂದ ಒಬ್ಬರಿಗೆ ಹತ್ತೂ ಬ್ಯಾನಿ," ಅಂದರು ಡಾಕ್ಟರಮ್ಮ. "ಇದಕ್ಕ ಚೀಲ ತಗಿಯೂ ಜರೂರಿಲ್ಲ. ಆದ್ರ ಗಂಡಗೂ ಗುಳಿಗಿ ಆಗಬೇಕು. ಮುಗಿಯೂತನಕ ಇಬ್ಬರೂ ಬ್ಯಾರೆ ಮಲಗ್ರಿ. ಇಬ್ಬರೂ ರಕ್ತಾನೂ ತೋರಸ್ರಿ."

"ಅವರಿಗೇನೂ ಆಗಿಲ್ರಿ. ಕ್ವಾಣ ಇದ್ದಂಗ ಅದಾರ."

"ಗಂಡಸರಿಗೆ ಒಳಗ ಇದ್ರೂ ಬಾಳ ಸಲ ಹೊರಗ ತೋರಂಗಿಲ್ಲ. ಅವರಿಗೆ ಕೊಡದಿದ್ರ ನೀವು ಜೀವನಪೂರ್ತಿ ಗುಳಿಗಿ ನುಂಗಬೇಕಾಗತೈತಿ."

ಬಸ್ಸಿನಲ್ಲಿ ಅತ್ತೆ ಇಬ್ಬರಿಗೂ ಕೊಟ್ಟ ಗುಳಿಗೆಯ ಎರಡು ಪೊಟ್ಟಣಗಳನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ಅವಳ ಪರವಾಗಿಯೂ ನಾನೇ ಬೈದುಕೊಳ್ಳುತ್ತ ಕೂತೆ.

ಮಾಮ ಕೊಟ್ಟಿಗೆಯಲ್ಲಿ ಸಂಜೆಯ ಹಾಲು ಹಿಂಡುತ್ತಿದ್ದರು. ಆಯಿ ಬಾಗಿಲಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಅತ್ತೆ ಹೇಳಬೇಕಾದದ್ದನ್ನು ಹೇಳಿ, ಪೊಟ್ಟಣವನ್ನು ಮಾಮನ ಮುಂದೆ ಹಿಡಿದಳು. ಮಾಮನ ಕಿವಿ ಕೆಂಪಾಯಿತು. ಹೆಂಡತಿಯ ಅಣ್ಣನ ಮಗಳು ಎದುರಿಗೆ ನಿಂತಿದ್ದಾಳೆ, ತಾಯಿ ಬಾಗಿಲಲ್ಲಿದ್ದಾಳೆ, ಇಂಥ ಮಾತು ಯಾರ ಜೊತೆ ಆಡುವುದು? ಅವರು ಕೆಂದಾಕಳಿನ ಜೊತೆ ಆಡಿದರು.

"ಕೇಳಿದೇನವಾ ಇಕಿ ಮಾತ? ಬ್ಯಾನಿ ಇಕಿಗೆ, ಗುಳಿಗಿ ನನಗಂತ. ಎತ್ತಿಗೆ ಜ್ವರಾ ಬಂದ್ರ ಎಮ್ಮಿಗೆ ಬರಿ ಹಾಕಿದ್ರಂತ!"

ಆಕಳು ಬಾಲ ಬೀಸಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಶುರುಮಾಡಿದಳು.

"ಎತ್ತು ಎಮ್ಮಿ ಬಿಡ್ರಿ. ಹೋರಿ ಮಾತ ಆಡೂಣ. ಹ್ವಾದ ವರ್ಷ ನಮ್ಮ ಆಕಳ ಗಬ್ಬ ನಿಲ್ಲಲಾರದಕ್ಕ ಹಾಲಿನ ಡೇರಿ ಮುಂದ ನಿಂತು ಚೀರಿದವರು ಯಾರ್ರಿ? 'ಆಕಳಿಗೆ ಎಷ್ಟ ಸೂಜಿ ಚುಚ್ಚಿದ್ರೇನು, ಬ್ಯಾನಿ ಇರೂದು ಆ ಹೋರಿ ಕಡೆ. ನೋಡಾಕ ಗಟ್ಟಿ ಐತಿ ಅಂದ್ರ ಒಳಗ ರೋಗ ಇಲ್ಲಂತೇನ? ಹತ್ತು ಕೊಟ್ಟಿಗಿ ತಿರುಗಿ ಬರತೈತಿ ಅದು!' ಇದನ್ನ ಅಂದವರು ಯಾರ್ರಿ?"

ಅಂದವರು ಮಾಮ. ಊರಿಗೆಲ್ಲ ಗೊತ್ತಿತ್ತು. ದನದ ಡಾಕ್ಟರನ್ನು ಕರೆಸಿ, ಆ ಹೋರಿಯನ್ನು ಕೊಟ್ಟಿಗೆಗಳಿಂದ ಬಿಡಿಸಿದ್ದು ಅವರ ಬದುಕಿನ ದೊಡ್ಡ ಸಾಧನೆ, ಬಂದವರಿಗೆಲ್ಲ ಹೇಳುತ್ತಿದ್ದರು. ಈಗ ಅವರಿಗೆ ಕೆಂದಾಕಳಿನ ಮುಖವನ್ನೂ ನೋಡಲಾಗಲಿಲ್ಲ.

ಆಯಿ ಬೆಳ್ಳುಳ್ಳಿ ಸುಲಿಯುವುದನ್ನು ನಿಲ್ಲಿಸಿದರು. ತಿಂಗಳುಗಟ್ಟಲೆ ಸೊಸೆಯ ನೆತ್ತಿಗೆ ಎಣ್ಣೆ ಹಚ್ಚಿದ ಕೈ ಅದು. ಮಗನನ್ನು ಬಹಳ ಹೊತ್ತು ನೋಡಿ, "ಉಷ್ಣಾ ನಿಂದೇನೋ ಹಂಗಾರ? ನುಂಗೋ ಮೂಳಾ!" ಅಂದರು.

ನುಂಗಲು ಬರಬೇಕಲ್ಲ. ಕಬ್ಬಿನ ಹೊರೆ ಎತ್ತುವ ಗಂಡಸಿನ ಗಂಟಲಿನಲ್ಲಿ ಗುಳಿಗೆ ಇಳಿಯಲೊಲ್ಲದು. ಕರುವಿಗೆ ಕೊಡುವ ಹಾಗೆ ಅತ್ತೆ ಕುಟ್ಟಿ ಬೆಲ್ಲದಲ್ಲಿ ಕಲಸಿ ಕೊಟ್ಟಳು. ರಕ್ತ ತೋರಿಸಲು ಅಥಣಿಗೆ ಹೋದಾಗ ಗುರುತು ಸಿಗಬಾರದೆಂದು ಮುಖಕ್ಕೆ ಟವೆಲ್ ಸುತ್ತಿಕೊಂಡಿದ್ದರು. ಅದಕ್ಕಾಗಿಯೇ ಎಲ್ಲರೂ ಯಾರಿದು ಎಂದು ಬಗ್ಗಿ ನೋಡಿದರು. ಇಬ್ಬರ ರಕ್ತದಲ್ಲೂ ಏನೂ ಬರಲಿಲ್ಲ. ಅತ್ತೆ ಆಯಿಯ ಪಕ್ಕದಲ್ಲೇ ಮಲಗಿ ಗುಳಿಗೆ ಮುಗಿಸಿದಳು, ಬೇನೆ ಹೋಯಿತು. ಗೊತ್ತುಮಾಡಿದ ವಾರದಲ್ಲಿ ಗೇರ್‌ಬಾಕ್ಸನ್ನು ಮಾತ್ರ ಬಿಚ್ಚಿದರು.

ಆದರೆ ಈ ಬೇನೆಯನ್ನು ಎಲ್ಲಿಂದ ತಂದಿರಿ ಎಂದು ಅತ್ತೆ ಒಂದು ಸಲವೂ ಕೇಳಲಿಲ್ಲ. ಅದು ನನಗೆ ಸಹಿಸಲಾಗಲಿಲ್ಲ. ಕೇಳಬಾರದೇನು ಎಂದು ಜಗಳಕ್ಕೇ ಹೋದೆ. "ಕೇಳಿದ್ರ ಸುಳ್ಳ ಹೇಳತಾರ. ಸುಳ್ಳ ಕೇಳಿ ನಾ ಏನ ಮಾಡಲಿ?" ಅಂದಳು. ಕಣ್ಣಲ್ಲಿ ನೀರು ತುಂಬಿತ್ತು. ನನ್ನ ಸಿಟ್ಟು ಯಾವ ಕೆಲಸಕ್ಕೂ ಬರದೆ ಉಳಿಯಿತು.

ಹಂಗಾಮು ಬಂತು. ಮಾಮ ಹೊರಡುವ ದಿನ ಅತ್ತೆ ಬುತ್ತಿ ಕಟ್ಟಿದಳು: ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿ. ಅದರ ಮೇಲೆ ಸರಕಾರಿ ಆಸ್ಪತ್ರೆಯಿಂದ ತಂದ ನಿರೋಧ್ ಪೊಟ್ಟಣಗಳನ್ನು ಇಟ್ಟಳು. ಟ್ರ್ಯಾಕ್ಟರಿನ ಪಕ್ಕ ನಿಂತು ಗಂಟು ಬಿಚ್ಚಿ ನೋಡಿದ ಮಾಮ ಸುತ್ತಲೂ ಕಣ್ಣಾಡಿಸಿ ಸಣ್ಣ ದನಿಯಲ್ಲಿ, "ಇದೇನ? ನನ್ನ ಮ್ಯಾಲ ನಂಬಿಕಿ ಇಲ್ಲೇನು ನಿನಗ?" ಅಂದರು.

"ನಂಬಿಕಿ ಇತ್ತಲ್ರೀ," ಅಂದಳು ಅತ್ತೆ. "ಅದಕ್ಕ ಚೀಲ ತಗಸಾಕ ಹೊಂಟಿದ್ದೆ."

ಮಾಮ ಗಂಟನ್ನು ಮತ್ತೆ ಕಟ್ಟಿ ಸೀಟಿನ ಕೆಳಗಿಟ್ಟು, ಟ್ರ್ಯಾಕ್ಟರ್ ಚಾಲೂ ಮಾಡಿದರು.